ಕೀಲಿ ಒತ್ತಿದರೂ ಕೆಲಸವಾಗದೇಕೆ? ಟರ್ಮಿನಲ್ ಎಡಿಟರ್‌ಗಳ ಶಾರ್ಟ್‌ಕಟ್ ತೊಡಕುಗಳು

ಗಣಕಯಂತ್ರವನ್ನೇ ವೃತ್ತಿಯಾಗಿಸಿಕೊಂಡವರು ಮತ್ತು ಎಂಜಿನಿಯರಿಂಗ್ ವ್ಯಾಸಂಗದಲ್ಲಿ ತೊಡಗಿರುವ ಮಕ್ಕಳು ಹೊರನಾಡಿನ ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಕಪ್ಪು ಪರದೆಯ ಮೇಲೆ ಚಿತ್ರಗಳಿಲ್ಲದೆ, ಗುಂಡಿಗಳಿಲ್ಲದೆ, ಬರಿಯ ಅಕ್ಷರಗಳಷ್ಟೇ ಸಾಲುಗಟ್ಟುವ ಟರ್ಮಿನಲ್ ಎಂಬ ಕಿಟಕಿಯ ಮುಂದೆ ಅವರು ಕುಳಿತಿರುವುದನ್ನು ಹಿರಿಯರು ಕಂಡಿರಬಹುದು. ದೂರದ ಸರ್ವರ್‌ಗಳನ್ನು ನಿರ್ವಹಿಸುವಾಗಲೂ ಲಿನಕ್ಸ್ ವ್ಯವಸ್ಥೆಯ ಕಡತಗಳನ್ನು ತಿದ್ದುವಾಗಲೂ ಈ ಕಿಟಕಿಯೇ ಆಶ್ರಯ. ಇದರೊಳಗೆ ಬರವಣಿಗೆಗೆಂದು ಬಳಸುವ ವಿಮ್, ಈಮ್ಯಾಕ್ಸ್, ನ್ಯಾನೋ ಮುಂತಾದ ತಂತ್ರಾಂಶಗಳನ್ನು ಟರ್ಮಿನಲ್ ಎಡಿಟರ್‌ಗಳೆಂದು ಕರೆಯುತ್ತಾರೆ.

ಇವುಗಳಲ್ಲಿ ಮೌಸ್‌ನ ಪಾತ್ರ ಅತ್ಯಲ್ಪ. ಉಳಿಸುವುದು, ಹುಡುಕುವುದು, ಅಳಿಸುವುದು, ಹೊರಬರುವುದು ಎಲ್ಲವೂ ಶಾರ್ಟ್‌ಕಟ್ ಕೀಲಿಗಳಿಂದಲೇ ನಡೆಯಬೇಕು. ಹೀಗಿರುವಾಗ ಕೀಲಿ ಒತ್ತಿದರೂ ಕೆಲಸವಾಗದಿದ್ದರೆ, ಅಥವಾ ಬೇರೊಂದೇ ಕೆಲಸವಾಗಿಬಿಟ್ಟರೆ, ಹೊಸಬರು ಕಂಗಾಲಾಗುವುದು ಸಹಜ. ಪರದೆ ಸ್ತಬ್ಧವಾಯಿತೆಂದು ಕಿಟಕಿಯನ್ನೇ ಮುಚ್ಚಿ, ಸಂಜೆಯಿಡೀ ಬರೆದುದನ್ನು ಕಳೆದುಕೊಂಡವರುಂಟು. ಇದು ತಮಗೆ ಒಗ್ಗುವ ವಿದ್ಯೆಯಲ್ಲವೆಂದು ಕೈಬಿಟ್ಟವರೂ ಉಂಟು. ವಾಸ್ತವದಲ್ಲಿ ಇಂತಹ ಬಹುಪಾಲು ಸಂದರ್ಭಗಳಲ್ಲಿ ಯಂತ್ರವೂ ಕೆಟ್ಟಿರುವುದಿಲ್ಲ, ಬರಹವೂ ನಾಶವಾಗಿರುವುದಿಲ್ಲ. ಒತ್ತಿದ ಕೀಲಿಯು ಎಡಿಟರ್ ತಲುಪುವ ಮೊದಲೇ ನಡುದಾರಿಯಲ್ಲಿ ಮತ್ತೊಬ್ಬರ ಪಾಲಾಗಿರುತ್ತದೆ. ಆ ಮತ್ತೊಬ್ಬರು ಯಾರೆಂದು ಅರಿತರೆ ಪರಿಹಾರ ದೂರವಿಲ್ಲ.

ಒಂದು ಒತ್ತು, ಐದು ಹೊಸ್ತಿಲು

ಕೀಲಿಮಣೆಯಿಂದ ಹೊರಟ ಒತ್ತು ನೇರವಾಗಿ ಎಡಿಟರ್‌ಗೆ ಹೋಗುವುದಿಲ್ಲ. ಮೊದಲ ಹೊಸ್ತಿಲು ಗಣಕದ ಡೆಸ್ಕ್‌ಟಾಪ್ ವ್ಯವಸ್ಥೆಯದು. ಭಾಷೆ ಬದಲಿಸುವ ತಂತ್ರಾಂಶವೂ ಇಲ್ಲಿಯೇ ಇರುತ್ತದೆ. ಎರಡನೆಯದು ಟರ್ಮಿನಲ್ ಕಿಟಕಿ. ಅದಕ್ಕೂ ತನ್ನದೇ ಮೆನುಗಳು, ತನ್ನದೇ ಶಾರ್ಟ್‌ಕಟ್‌ಗಳು ಇವೆ. ಮೂರನೆಯದು, ಒಂದೇ ಕಿಟಕಿಯಲ್ಲಿ ಹಲವು ಕೆಲಸಗಳನ್ನು ನಡೆಸಲು ಅನುಭವಿಗಳು ಬಳಸುವ ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ತಂತ್ರಾಂಶ. ನಾಲ್ಕನೆಯದು ಕಾರ್ಯಾಚರಣ ವ್ಯವಸ್ಥೆಯ ಒಳಗಿರುವ ಟರ್ಮಿನಲ್ ಚಾಲಕ. ಇವೆಲ್ಲವನ್ನೂ ದಾಟಿದ ಮೇಲೆ ಐದನೆಯದಾಗಿ ಎಡಿಟರ್. ಯಾವ ಹೊಸ್ತಿಲಿನಲ್ಲಿಯಾದರೂ "ಇದು ನನಗೆ ಸೇರಿದ್ದು" ಎಂದು ಕೀಲಿಯನ್ನು ಹಿಡಿದಿಟ್ಟುಕೊಂಡರೆ ಮುಂದಿನವರಿಗೆ ಅದು ಬಂದ ಸುದ್ದಿಯೂ ತಿಳಿಯುವುದಿಲ್ಲ.

ಹಳೆಯ ಸಂಕೇತಗಳ ಇಕ್ಕಟ್ಟು

ಇದಕ್ಕಿಂತ ಆಳವಾದ ಕಾರಣವೊಂದಿದೆ. ಟರ್ಮಿನಲ್ ಮತ್ತು ಎಡಿಟರ್ ಪರಸ್ಪರ ಮಾತನಾಡುವ ಭಾಷೆ ಟೆಲಿಪ್ರಿಂಟರ್‌ಗಳ ಕಾಲದ್ದು. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಸಂಕೇತಮಾಲೆಯಲ್ಲಿ 7 ಬಿಟ್‌ಗಳಿಂದ ಆಗುವ 128 ಸ್ಥಾನಗಳಷ್ಟೇ ಇವೆ. ಅವುಗಳಲ್ಲಿ ಮೊದಲ 32 ಸ್ಥಾನಗಳು ಅಕ್ಷರಗಳಿಗಲ್ಲ. ಗಂಟೆ ಬಾರಿಸು, ಸಾಲು ಬದಲಿಸು, ಹಿಂದೆ ಸರಿ ಎಂಬಂತಹ ಯಂತ್ರಾಜ್ಞೆಗಳಿಗೆ ಮೀಸಲು. ಕಂಟ್ರೋಲ್ ಕೀಲಿಯು ಹುಟ್ಟಿದ್ದು ಈ ಆಜ್ಞೆಗಳನ್ನು ಕಳುಹಿಸುವುದಕ್ಕಾಗಿ. ಅದರ ಲೆಕ್ಕ ಸರಳ: ಇಂಗ್ಲಿಷಿನ ದೊಡ್ಡಕ್ಷರದ ಸಂಖ್ಯೆಯಿಂದ 64 ಕಳೆಯಬೇಕು. ಎ ಅಕ್ಷರದ ಸಂಖ್ಯೆ 65 ಆದ್ದರಿಂದ ಕಂಟ್ರೋಲ್-ಎ ಎಂದರೆ 1. ಎಸ್ ಅಕ್ಷರದ ಸಂಖ್ಯೆ 83 ಆದ್ದರಿಂದ ಕಂಟ್ರೋಲ್-ಎಸ್ ಎಂದರೆ 19.

ಈ ಲೆಕ್ಕದಿಂದ ಕೆಲವು ವಿಚಿತ್ರ ನಂಟುಗಳು ಏರ್ಪಟ್ಟಿವೆ. ಕಂಟ್ರೋಲ್-ಐ ಎಂಬುದು 9, ಟ್ಯಾಬ್ ಕೀಲಿಯೂ 9. ಕಂಟ್ರೋಲ್-ಎಂ ಎಂಬುದು 13, ಎಂಟರ್ ಕೀಲಿಯೂ 13. ಚೌಕ ಆವರಣದ ಎಡಗುರುತನ್ನು ಕಂಟ್ರೋಲ್‌ನೊಡನೆ ಒತ್ತಿದರೆ 27, ಎಸ್ಕೇಪ್ ಕೀಲಿಯೂ 27. ಆದ್ದರಿಂದ "ಕಂಟ್ರೋಲ್-ಐ ಕೀಲಿಗೆ ಬೇರೊಂದು ಕೆಲಸ ಹಚ್ಚಿದೆ, ಟ್ಯಾಬ್ ಕೂಡ ಅದನ್ನೇ ಮಾಡತೊಡಗಿತು" ಎಂದು ದೂರುವವರ ಎಡಿಟರ್‌ನಲ್ಲಿ ದೋಷವಿಲ್ಲ. ಅದಕ್ಕೆ ಎರಡೂ ಒಂದೇ ಸಂಖ್ಯೆಯಾಗಿ ಕೇಳಿಸುತ್ತವೆ. ಹಾಗೆಯೇ ಕಂಟ್ರೋಲ್-ಶಿಫ್ಟ್-ಎಸ್ ಮತ್ತು ಕಂಟ್ರೋಲ್-ಎಸ್ ನಡುವೆ ಈ ಭಾಷೆಯಲ್ಲಿ ಭೇದವಿಲ್ಲ. ಕಂಟ್ರೋಲ್-1, ಕಂಟ್ರೋಲ್-ಅಲ್ಪವಿರಾಮ ಮುಂತಾದವಕ್ಕೆ ಸಂಕೇತವೇ ಇಲ್ಲ.

ಬ್ಯಾಕ್‌ಸ್ಪೇಸ್ ಕೀಲಿಯ ಗೊಂದಲವೂ ಈ ಬಳುವಳಿಯೇ. ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಅಕ್ಷರ ಬರೆಯುತ್ತಿದ್ದ ದಿನಗಳಲ್ಲಿ ತಪ್ಪನ್ನು ಅಳಿಸಲು ಏಳೂ ರಂಧ್ರಗಳನ್ನು ಕೊರೆದುಬಿಡುತ್ತಿದ್ದರು. ಅದೇ 127ನೆಯ ಸಂಕೇತ. ಹಿಂದೆ ಸರಿಯುವ ಆಜ್ಞೆ 8ನೆಯದು. ಕೆಲವು ಟರ್ಮಿನಲ್‌ಗಳು ಬ್ಯಾಕ್‌ಸ್ಪೇಸ್ ಒತ್ತಿದಾಗ 127 ಕಳುಹಿಸುತ್ತವೆ, ಕೆಲವು 8 ಕಳುಹಿಸುತ್ತವೆ. ಈ 8 ಎಂಬುದು ಕಂಟ್ರೋಲ್-ಎಚ್ ಕೂಡ ಹೌದು. ಈಮ್ಯಾಕ್ಸ್‌ನಲ್ಲಿ ಅದು ಸಹಾಯ ಪುಟವನ್ನು ತೆರೆಯುವ ಕೀಲಿ. ಅಕ್ಷರ ಅಳಿಸಲು ಹೋದವರ ಮುಂದೆ ಸಹಾಯ ಪುಟ ತೆರೆದುಕೊಳ್ಳುವ ವಿನೋದಕ್ಕೆ ಇದೇ ಕಾರಣ. ಪುಟ್ಟಿಯಂತಹ ಸಂಪರ್ಕ ತಂತ್ರಾಂಶಗಳ ಹೊಂದಾಣಿಕೆಯಲ್ಲಿ ಬ್ಯಾಕ್‌ಸ್ಪೇಸ್ ಯಾವ ಸಂಕೇತ ಕಳುಹಿಸಬೇಕೆಂದು ಆರಿಸಲು ಅವಕಾಶವಿದೆ. 127 ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪರದೆ ಹೆಪ್ಪುಗಟ್ಟಿದಾಗ

ಅತಿ ಹೆಚ್ಚು ಜನರನ್ನು ಬೆದರಿಸುವ ತೊಡಕು ಕಂಟ್ರೋಲ್-ಎಸ್‌ನದು. ವಿಂಡೋಸ್ ಬಳಕೆಯಿಂದ ಬಂದವರ ಬೆರಳುಗಳಿಗೆ ಅದು ಸೇವ್ ಮಾಡುವ ಕೀಲಿ. ಟರ್ಮಿನಲ್ ಚಾಲಕಕ್ಕೆ ಮಾತ್ರ 19ನೆಯ ಸಂಕೇತವೆಂದರೆ "ಕಳುಹಿಸುವುದನ್ನು ನಿಲ್ಲಿಸು" ಎಂದರ್ಥ. ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಮುದ್ರಿಸುತ್ತಿದ್ದ ಟೆಲಿಟೈಪ್ ಮಾಡೆಲ್ 33ರಂತಹ ಯಂತ್ರಗಳಲ್ಲಿ ಕಾಗದಪಟ್ಟಿಯ ಓದುಗವನ್ನು ನಿಲ್ಲಿಸಲು 19, ಮತ್ತೆ ನಡೆಸಲು 17 ಬಳಕೆಯಾಗುತ್ತಿದ್ದವು. ಯಂತ್ರಗಳು ವಸ್ತುಸಂಗ್ರಹಾಲಯ ಸೇರಿದರೂ ಈ ಪದ್ಧತಿ ಚಾಲಕದಲ್ಲಿ ಉಳಿದುಬಂದಿದೆ. ಹೀಗಾಗಿ ವಿಮ್‌ನ ಹಳೆಯ ಆವೃತ್ತಿಗಳಲ್ಲಿಯೂ ಆಜ್ಞೆ ಬರೆಯುವ ಸಾಲಿನಲ್ಲಿಯೂ ಕಂಟ್ರೋಲ್-ಎಸ್ ಒತ್ತಿದೊಡನೆ ಪರದೆ ಶಿಲೆಯಂತೆ ನಿಂತುಬಿಡುತ್ತದೆ.

ಇದರ ಬಿಡುಗಡೆಯ ಕೀಲಿ ಕಂಟ್ರೋಲ್-ಕ್ಯು, ಅಂದರೆ 17. ಅದನ್ನು ಒತ್ತಿದೊಡನೆ ಎಲ್ಲವೂ ಮೊದಲಿನಂತಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಿಂತದ್ದು ಪರದೆಗೆ ಹೋಗುವ ಹರಿವು ಮಾತ್ರ. ಒಳಬರುವ ಕೀಲಿಗಳು ಕಾದು ಕುಳಿತಿರುತ್ತವೆ. ಗಾಬರಿಯಿಂದ ಕಂಡಕಂಡ ಕೀಲಿಗಳನ್ನು ಒತ್ತಿದರೆ, ಬಿಡುಗಡೆಯಾದೊಡನೆ ಅವೆಲ್ಲವೂ ಒಮ್ಮೆಗೇ ಆಜ್ಞೆಗಳಾಗಿ ಜಾರಿಗೆ ಬಂದು ಬರಹವನ್ನು ಕೆಡಿಸಬಹುದು. ಆದ್ದರಿಂದ ಪರದೆ ನಿಂತರೆ ಕೈ ಹಿಂತೆಗೆದು, ಮೊದಲು ಕಂಟ್ರೋಲ್-ಕ್ಯು ಒಂದನ್ನೇ ಒತ್ತಿ ನೋಡಬೇಕು.

ಈ ಪದ್ಧತಿಯೇ ಬೇಡವೆನ್ನುವವರು ಎಸ್, ಟಿ, ಟಿ, ವೈ ಎಂಬ ನಾಲ್ಕು ಸಣ್ಣಕ್ಷರಗಳನ್ನು ಬರೆದು, ತೆರಪು ಬಿಟ್ಟು, ಮೈನಸ್ ಗುರುತಿನೊಡನೆ ಐ, ಎಕ್ಸ್, ಒ, ಎನ್ ಎಂದು ಸೇರಿಸಿದ ಆಜ್ಞೆಯನ್ನು ಶೆಲ್‌ನ ಆರಂಭದ ಕಡತದಲ್ಲಿ ಇಟ್ಟರೆ ಚಾಲಕವು ಕಂಟ್ರೋಲ್-ಎಸ್ ಅನ್ನು ಮುಟ್ಟದೆ ಎಡಿಟರ್‌ಗೆ ಬಿಟ್ಟುಕೊಡುತ್ತದೆ. ನ್ಯಾನೋದ ಇಂದಿನ ಆವೃತ್ತಿಗಳಲ್ಲಿ ಕಂಟ್ರೋಲ್-ಎಸ್ ನೇರವಾಗಿ ಕಡತವನ್ನು ಉಳಿಸುತ್ತದೆ. ಈಮ್ಯಾಕ್ಸ್‌ನಲ್ಲಿ ಉಳಿಸಲು ಕಂಟ್ರೋಲ್-ಎಕ್ಸ್, ಅನಂತರ ಕಂಟ್ರೋಲ್-ಎಸ್. ವಿಮ್‌ನಲ್ಲಿ ಎಸ್ಕೇಪ್ ಒತ್ತಿ, ಕೋಲನ್ ಮತ್ತು ಡಬ್ಲ್ಯು ಬರೆದು ಎಂಟರ್ ಒತ್ತಬೇಕು.

ಎಡಿಟರ್ ಮಾಯವಾದಾಗ

ಮಾಡಿದ ತಪ್ಪನ್ನು ಹಿಂತೆಗೆಯಲು ಕಂಟ್ರೋಲ್-ಝಡ್ ಒತ್ತುವುದು ಇನ್ನೊಂದು ರೂಢಿ. ವಿಮ್‌ನಲ್ಲಿ ಹೀಗೆ ಮಾಡಿದರೆ ಎಡಿಟರ್ ಪರದೆಯಿಂದ ಮರೆಯಾಗಿ ಬರಿಯ ಆಜ್ಞಾಸಾಲು ಕಾಣುತ್ತದೆ. ಎಡಿಟರ್ ಮುಚ್ಚಿಹೋಗಿಲ್ಲ, ತಾತ್ಕಾಲಿಕವಾಗಿ ಹಿನ್ನೆಲೆಗೆ ಸರಿದು ನಿದ್ರಿಸುತ್ತಿದೆ. ಎಫ್ ಮತ್ತು ಜಿ ಎಂಬ ಎರಡು ಅಕ್ಷರಗಳ ಆಜ್ಞೆ ಕೊಟ್ಟರೆ ಬಿಟ್ಟಲ್ಲಿಂದಲೇ ಮರಳಿ ಬರುತ್ತದೆ.

ಇದನ್ನರಿಯದೆ ಅದೇ ಕಡತವನ್ನು ಎರಡನೆಯ ಬಾರಿ ತೆರೆದಾಗ ಅನಾಹುತದ ಆರಂಭ. ವಿಮ್ ತಾನು ತೆರೆದ ಪ್ರತಿ ಕಡತಕ್ಕೂ ಸ್ವಾಪ್ ಎಂಬ ಗುಪ್ತ ಕಡತವೊಂದನ್ನು ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ 200 ಅಕ್ಷರಗಳನ್ನು ಒತ್ತಿದ ಮೇಲೆ ಅಥವಾ 4 ಸೆಕೆಂಡು ಕೈ ನಿಂತಾಗ ಬದಲಾವಣೆಗಳನ್ನು ಅದರಲ್ಲಿ ದಾಖಲಿಸುತ್ತದೆ. ಎರಡನೆಯ ಬಾರಿ ತೆರೆದಾಗ ಈ ಸ್ವಾಪ್ ಕಡತವನ್ನು ಕಂಡು ಉದ್ದನೆಯ ಎಚ್ಚರಿಕೆಯೊಂದನ್ನು ತೋರಿಸುತ್ತದೆ. ಅದನ್ನು ಓದದೆ ಮುಂದುವರಿದವರು ಒಂದೇ ಕಡತದ ಎರಡು ಭಿನ್ನ ಪ್ರತಿಗಳನ್ನು ಏಕಕಾಲದಲ್ಲಿ ತಿದ್ದುತ್ತಾರೆ. ಕೊನೆಯಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ. ಎಡಿಟರ್ ಹಿನ್ನೆಲೆಯಲ್ಲಿ ನಿದ್ರಿಸುತ್ತಿದ್ದರೆ ಇಲ್ಲಿಂದ ಹೊರಬಂದು ಅದನ್ನು ಮರಳಿ ಕರೆಯುವುದು ಸರಿಯಾದ ಕ್ರಮ. ಕಿಟಕಿ ಮುಚ್ಚಿಹೋಗಿದ್ದರೆ ಅಥವಾ ಸಂಪರ್ಕ ಕಡಿದಿದ್ದರೆ ರಿಕವರ್ ಎಂಬ ಆಯ್ಕೆಯಿಂದ ಬರಹವನ್ನು ಮರಳಿ ಪಡೆಯಬಹುದು. ಈಮ್ಯಾಕ್ಸ್ ಕೂಡ ಕಡತದ ಹೆಸರಿನ ಎರಡೂ ಬದಿಗೆ ಹ್ಯಾಶ್ ಗುರುತು ಹಚ್ಚಿದ ರಕ್ಷಣಾಪ್ರತಿಯನ್ನು ಇಡುತ್ತದೆ. ನ್ಯಾನೋ ಕೆಲಸದ ನಡುವೆ ಕಿಟಕಿ ಮುಚ್ಚಿದರೆ ಹೆಸರಿನ ಕೊನೆಗೆ ಸೇವ್ ಎಂಬ ಬಾಲ ಸೇರಿಸಿ ಬರಹವನ್ನು ಉಳಿಸಲೆತ್ನಿಸುತ್ತದೆ. ಬರಹ ಹೋಯಿತೆಂದು ಹತಾಶರಾಗುವ ಮೊದಲು ಇವುಗಳನ್ನು ಹುಡುಕಿ ನೋಡುವುದು ಒಳಿತು.

ಆಲ್ಟ್ ಮತ್ತು ಎಸ್ಕೇಪ್

ಆಸ್ಕಿಯಲ್ಲಿ ಆಲ್ಟ್ ಕೀಲಿಗೆ ಸ್ಥಾನವೇ ಇಲ್ಲ. ಇಂದಿನ ಟರ್ಮಿನಲ್‌ಗಳು ಇದಕ್ಕೊಂದು ಉಪಾಯ ಮಾಡಿವೆ: ಆಲ್ಟ್ ಒತ್ತಿ ಅಕ್ಷರವೊಂದನ್ನು ಒತ್ತಿದರೆ, ಮೊದಲು ಎಸ್ಕೇಪ್ ಸಂಕೇತವನ್ನೂ ಅದರ ಹಿಂದೆಯೇ ಆ ಅಕ್ಷರವನ್ನೂ ಕಳುಹಿಸುತ್ತವೆ. ಬಾಣದ ಕೀಲಿಗಳ ಕಥೆಯೂ ಹೀಗೆಯೇ. 1978ರ ವಿಟಿ-100 ಟರ್ಮಿನಲ್‌ನಿಂದ ಪ್ರಚಾರಕ್ಕೆ ಬಂದ ಪದ್ಧತಿಯಂತೆ ಮೇಲ್ಬಾಣವೆಂದರೆ ಎಸ್ಕೇಪ್, ಚೌಕ ಆವರಣದ ಎಡಗುರುತು, ದೊಡ್ಡ ಎ ಎಂಬ ಮೂರು ಸಂಕೇತಗಳ ಸರಣಿ.

ಇದರಿಂದ ಎಡಿಟರ್‌ಗೆ ಧರ್ಮಸಂಕಟ. 27 ಎಂಬ ಸಂಕೇತ ಬಂದಾಗ ಬಳಕೆದಾರರು ನಿಜವಾಗಿ ಎಸ್ಕೇಪ್ ಒತ್ತಿದರೋ, ಆಲ್ಟ್ ಅಥವಾ ಬಾಣದ ಸರಣಿ ಆರಂಭವಾಯಿತೋ ತಿಳಿಯಲು ಅದು ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಎಸ್ಕೇಪ್ ಒತ್ತಿದ ಮೇಲೆ ವಿಮ್ ತಡೆದು ಸ್ಪಂದಿಸಿದಂತೆ ತೋರುವುದಕ್ಕೆ ಇದೇ ಕಾರಣ. ನಡುವೆ ಟಿಮಕ್ಸ್ ಇದ್ದರೆ ಅದೂ ಕಾಯುತ್ತದೆ. ಅದರ ಹಳೆಯ ಆವೃತ್ತಿಗಳಲ್ಲಿ ಈ ಕಾಯುವಿಕೆ ಅರ್ಧ ಸೆಕೆಂಡಿನಷ್ಟಿತ್ತು. ಎರಡರಲ್ಲಿಯೂ ಈ ಅವಧಿಯನ್ನು ತಗ್ಗಿಸಲು ಅವಕಾಶವಿದೆ.

ಎಸ್ಕೇಪ್ ಕೀಲಿಯನ್ನೇ ವಿಮ್ ಏಕೆ ಇಷ್ಟು ನೆಚ್ಚಿಕೊಂಡಿತು ಎಂಬುದಕ್ಕೂ ಇತಿಹಾಸವಿದೆ. ಅದರ ಪೂರ್ವಜನಾದ ವಿಐ ಎಡಿಟರ್ ಅನ್ನು ಬಿಲ್ ಜಾಯ್ ಅವರು 1976ರ ಸುಮಾರಿಗೆ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದಾಗ ಬಳಸಿದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಎಸ್ಕೇಪ್ ಕೀಲಿ ಇಂದು ಟ್ಯಾಬ್ ಇರುವ ಜಾಗದಲ್ಲಿತ್ತು. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದವು. ಆ ನಾಲ್ಕು ಅಕ್ಷರಗಳು ಇಂದಿಗೂ ವಿಮ್‌ನಲ್ಲಿ ಅತ್ತಿತ್ತ ಚಲಿಸುವ ಕೀಲಿಗಳು.

ಆಲ್ಟ್ ಕೀಲಿಯನ್ನು ಟರ್ಮಿನಲ್ ಕಿಟಕಿಯ ಮೆನು ಕಸಿದುಕೊಳ್ಳುವುದೂ ಉಂಟು. ಮ್ಯಾಕ್ ಗಣಕಗಳಲ್ಲಿ ಆಪ್ಷನ್ ಕೀಲಿ ವಿಶೇಷ ಚಿಹ್ನೆಗಳನ್ನು ಮೂಡಿಸುತ್ತದೆ. ಅಲ್ಲಿನ ಟರ್ಮಿನಲ್‌ನ ಹೊಂದಾಣಿಕೆಯಲ್ಲಿ ಆಪ್ಷನ್ ಅನ್ನು ಮೆಟಾ ಕೀಲಿಯಾಗಿ ಬಳಸುವ ಆಯ್ಕೆ ಇದೆ. ಹೊಂದಾಣಿಕೆ ಬದಲಿಸಲಾಗದ ಕಡೆ ಒಂದು ಸುಲಭೋಪಾಯ: ಎಸ್ಕೇಪ್ ಒತ್ತಿ ಬಿಟ್ಟು, ಅನಂತರ ಅಕ್ಷರ ಒತ್ತುವುದು. ನ್ಯಾನೋದಲ್ಲಿ ಹಿಂತೆಗೆಯಲು ಆಲ್ಟ್-ಯು ಬೇಕಾದಲ್ಲಿ ಎಸ್ಕೇಪ್, ಅನಂತರ ಯು ಎಂದರೂ ನಡೆಯುತ್ತದೆ. ಈಮ್ಯಾಕ್ಸ್‌ನಲ್ಲಿಯೂ ಇದೇ ಕ್ರಮ ಸಲ್ಲುತ್ತದೆ.

ಹೊರಗಿನವರ ಹಕ್ಕೊತ್ತಾಯ

ಬ್ರೌಸರ್‌ನೊಳಗೇ ಟರ್ಮಿನಲ್ ತೆರೆಯುವ ಸೌಲಭ್ಯ ಇಂದು ಅನೇಕ ಕಡೆ ಇದೆ. ಇಲ್ಲಿನ ಅಪಾಯ ಕಂಟ್ರೋಲ್-ಡಬ್ಲ್ಯು. ನ್ಯಾನೋದಲ್ಲಿ ಅದು ಹುಡುಕುವ ಕೀಲಿ; ವಿಮ್‌ನಲ್ಲಿ ಬರೆಯುವಾಗ ಹಿಂದಿನ ಪದವನ್ನು ಅಳಿಸುವ ಕೀಲಿ; ವಿಂಡೋಸ್ ಮತ್ತು ಲಿನಕ್ಸ್‌ಗಳ ಬ್ರೌಸರ್‌ಗೆ ಮಾತ್ರ ಅದು ಟ್ಯಾಬ್ ಮುಚ್ಚುವ ಆಜ್ಞೆ. ಹುಡುಕಲು ಹೊರಟವರ ಪುಟವೇ ಮಾಯವಾಗುತ್ತದೆ. ನ್ಯಾನೋದಲ್ಲಿ ಇದರ ಬದಲು ಎಫ್-6 ಕೀಲಿಯನ್ನು ಬಳಸಬಹುದು. 2024ರಲ್ಲಿ ಬಂದ ನ್ಯಾನೋ 8.0 ಆವೃತ್ತಿಯಲ್ಲಿ ಹುಡುಕಲು ಕಂಟ್ರೋಲ್-ಎಫ್ ಕೂಡ ಇದೆ. ಜೊತೆಗೆ ನಕಲಿಗೆ ಕಂಟ್ರೋಲ್-ಸಿ, ಅಂಟಿಸಲು ಕಂಟ್ರೋಲ್-ವಿ, ಹಿಂತೆಗೆಯಲು ಕಂಟ್ರೋಲ್-ಝಡ್ ಎಂಬ ಜನಸಾಮಾನ್ಯರ ರೂಢಿಯನ್ನೇ ಅನುಸರಿಸುವ ಆಯ್ಕೆಯೊಂದನ್ನೂ ಆ ಆವೃತ್ತಿ ತಂದಿದೆ.

ಸ್ಕ್ರೀನ್ ತಂತ್ರಾಂಶವು ಕಂಟ್ರೋಲ್-ಎ ಕೀಲಿಯನ್ನೂ ಟಿಮಕ್ಸ್ ಕಂಟ್ರೋಲ್-ಬಿ ಕೀಲಿಯನ್ನೂ ತಮ್ಮ ಆಜ್ಞೆಗಳ ಮುನ್ನುಡಿಯಾಗಿ ಇಟ್ಟುಕೊಂಡಿವೆ. ಈಮ್ಯಾಕ್ಸ್‌ನಲ್ಲಿ ಸಾಲಿನ ಆರಂಭಕ್ಕೆ ಹೋಗುವ ಕೀಲಿ ಕಂಟ್ರೋಲ್-ಎ. ವಿಮ್‌ನಲ್ಲಿ ಹಿಂದಿನ ಪುಟಕ್ಕೆ ಹೋಗುವ ಕೀಲಿ ಕಂಟ್ರೋಲ್-ಬಿ. ಸ್ಕ್ರೀನ್‌ನಲ್ಲಿ ಕಂಟ್ರೋಲ್-ಎ ಬಳಿಕ ಬರಿಯ ಎ ಒತ್ತಿದರೆ, ಟಿಮಕ್ಸ್‌ನಲ್ಲಿ ಕಂಟ್ರೋಲ್-ಬಿ ಎರಡು ಬಾರಿ ಒತ್ತಿದರೆ ಕೀಲಿಯು ಎಡಿಟರ್‌ವರೆಗೆ ಸಾಗುತ್ತದೆ.

ಕನ್ನಡ ಕೀಲಿಮಣೆಯ ವಿಶೇಷ ತೊಡಕು

ಕನ್ನಡದಲ್ಲಿ ಬರೆಯುವವರಿಗೆ ಇವೆಲ್ಲದರ ಮೇಲೆ ಮತ್ತೊಂದು ತೊಡಕು. ವಿಮ್‌ನಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಆಜ್ಞೆಗಳೆಲ್ಲವೂ ಇಂಗ್ಲಿಷ್ ಅಕ್ಷರಗಳು. ಗಣಕವನ್ನು ಇನ್‌ಸ್ಕ್ರಿಪ್ಟ್ ಕನ್ನಡ ವಿನ್ಯಾಸಕ್ಕೆ ಬದಲಿಸಿ ಬರೆದವರು ಎಸ್ಕೇಪ್ ಒತ್ತಿ ಆಜ್ಞೆ ಕೊಡಲು ಹೋದರೆ ಎಚ್, ಜೆ, ಕೆ, ಎಲ್ ಬದಲು ಪ, ರ, ಕ, ತ ಹೋಗುತ್ತವೆ. ಅಳಿಸುವ ಡಿ ಕೀಲಿ ಅರ್ಧಾಕ್ಷರದ ಚಿಹ್ನೆಯಾಗುತ್ತದೆ. ಉಳಿಸಿ ಹೊರಬರುವ ಆಜ್ಞೆಯಾದ ಕೋಲನ್, ಡಬ್ಲ್ಯು, ಕ್ಯು ಇದರಿಂದ ಇನ್ನೂ ಹೆಚ್ಚು ಬಾಧಿತ: ಇನ್‌ಸ್ಕ್ರಿಪ್ಟ್‌ನಲ್ಲಿ ಕೋಲನ್ ಇರುವ ಜಾಗದಲ್ಲಿ ಛಕಾರವಿದೆ. ಆಜ್ಞೆಯನ್ನು ಆರಂಭಿಸುವ ಬಾಗಿಲೇ ಮುಚ್ಚಿದಂತೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಜನಪ್ರಿಯವಾದ ಕೀಲಿಮಣೆಯಲ್ಲಿ ಕೋಲನ್ ದೊರೆಯುತ್ತದೆಯಾದರೂ ಅದರ ಮುಂದೆ ಡ ಮತ್ತು ಟ ಮೂಡುತ್ತವೆ. ಇದು ಆಜ್ಞೆಯಲ್ಲವೆಂದು ವಿಮ್ ನಿರಾಕರಿಸುತ್ತದೆ.

ಪ್ರತಿ ಬಾರಿ ಭಾಷೆ ಬದಲಿಸುವುದು ಒಂದು ದಾರಿ. ಪದೇ ಪದೇ ಬದಲಿಸಿ ಬೇಸತ್ತವರು ಕನ್ನಡವನ್ನೇ ಬಿಟ್ಟು ಇಂಗ್ಲಿಷಿನಲ್ಲಿ ಬರೆಯತೊಡಗುವುದು ಇದರ ದುಷ್ಪರಿಣಾಮ. ಇದಕ್ಕಿಂತ ಉತ್ತಮವಾದ ದಾರಿಯೆಂದರೆ ಗಣಕವನ್ನು ಇಂಗ್ಲಿಷಿನಲ್ಲಿಯೇ ಇಟ್ಟು, ಕನ್ನಡ ಮೂಡಿಸುವ ಹೊಣೆಯನ್ನು ಎಡಿಟರ್‌ಗೇ ವಹಿಸುವುದು. ಈಮ್ಯಾಕ್ಸ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಮತ್ತು ಇಂಗ್ಲಿಷ್ ಲಿಪಿಯ ಮೂಲಕ ಬರೆಯುವ ಐಟ್ರಾನ್ಸ್ ವಿಧಾನಗಳು ಅಡಕವಾಗಿಯೇ ಬಂದಿವೆ. ಕಂಟ್ರೋಲ್ ಜೊತೆಗೆ ಹಿಮ್ಮುಖ ಓರೆಗೆರೆ ಒತ್ತಿ ಅತ್ತಿತ್ತ ಬದಲಿಸಬಹುದು. ಅಕ್ಷರಗಳು ಕನ್ನಡವಾದರೂ ಕಂಟ್ರೋಲ್ ಆಜ್ಞೆಗಳು ಎಂದಿನಂತೆ ನಡೆಯುತ್ತವೆ. ವಿಮ್‌ನಲ್ಲಿ ಕೀಮ್ಯಾಪ್ ಎಂಬ ಏರ್ಪಾಡಿದೆ. ಯಾವ ಕೀಲಿಗೆ ಯಾವ ಕನ್ನಡ ಅಕ್ಷರವೆಂದು ಒಂದು ಕಡತದಲ್ಲಿ ಬರೆದಿಟ್ಟರೆ ಬರೆಯುವ ಸ್ಥಿತಿಯಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ. ಎಸ್ಕೇಪ್ ಒತ್ತಿದೊಡನೆ ಕೀಲಿಗಳು ಇಂಗ್ಲಿಷಿಗೆ ಮರಳುತ್ತವೆ. ಆ ಕಡತವನ್ನು ಒಮ್ಮೆ ಸಿದ್ಧಪಡಿಸುವ ಶ್ರಮವನ್ನು ಮನೆಯ ತರುಣರು ವಹಿಸಿಕೊಂಡರೆ ಹಿರಿಯರಿಗೂ ಉಪಕಾರವಾದೀತು.

ಭಾಷೆ ಬದಲಿಸುವ ಕೀಲಿಯ ಬಗೆಗೂ ಗಮನವಿರಲಿ. ಕೆಲವು ಬರಹ ಸಾಧನಗಳು ಇದಕ್ಕೆಂದು ಕಂಟ್ರೋಲ್-ಸ್ಪೇಸ್ ಅನ್ನು ಹಿಡಿದಿಟ್ಟುಕೊಂಡಿರುತ್ತವೆ. ಈಮ್ಯಾಕ್ಸ್‌ನಲ್ಲಿ ಪಠ್ಯಭಾಗವನ್ನು ಗುರುತು ಮಾಡಲು ಬೇಕಾದದ್ದು ಅದೇ ಕೀಲಿ. ಬರಹ ಸಾಧನದ ಕೀಲಿಯನ್ನು ಬದಲಿಸುವುದು ಇಲ್ಲಿ ಲೇಸು.

ತೊಡಕಿನ ಮೂಲ ಕಂಡುಹಿಡಿಯುವ ಬಗೆ

ಒಂದು ಕೀಲಿ ನಡೆಯದಿದ್ದರೆ ಎಡಿಟರ್‌ನಿಂದ ಹೊರಬಂದು ಆಜ್ಞಾಸಾಲಿನಲ್ಲಿ ಕಂಟ್ರೋಲ್-ವಿ ಒತ್ತಿ, ಅನಂತರ ಸಂಶಯದ ಕೀಲಿಯನ್ನು ಒತ್ತಬೇಕು. ಬಂದ ಸಂಕೇತ ಪರದೆಯ ಮೇಲೆ ಮೂಡುತ್ತದೆ. ಏನೂ ಮೂಡದೆ ಮೆನು ತೆರೆದರೆ ಅಥವಾ ಭಾಷೆ ಬದಲಾದರೆ, ಕೀಲಿಯನ್ನು ಹೊರಗಿನವರು ಹಿಡಿದಿದ್ದಾರೆ. ಟರ್ಮಿನಲ್ ಅಥವಾ ಡೆಸ್ಕ್‌ಟಾಪ್‌ನ ಹೊಂದಾಣಿಕೆಯನ್ನು ನೋಡಬೇಕು. ಎರಡು ಬೇರೆ ಕೀಲಿಗಳಿಗೆ ಒಂದೇ ಸಂಕೇತ ಮೂಡಿದರೆ ಅದು ಆಸ್ಕಿಯ ಇಕ್ಕಟ್ಟು. ಎಡಿಟರ್‌ನಲ್ಲಿ ಬೇರೊಂದು ಕೀಲಿಯನ್ನು ಆರಿಸಿಕೊಳ್ಳುವುದೇ ಜಾಣತನ. ಸಂಕೇತ ಸರಿಯಾಗಿ ಮೂಡಿಯೂ ಎಡಿಟರ್‌ನಲ್ಲಿ ಕೆಲಸವಾಗದಿದ್ದರೆ ಮಾತ್ರ ಎಡಿಟರ್‌ನ ಹೊಂದಾಣಿಕೆಯನ್ನು ಪರಿಶೀಲಿಸಬೇಕು. ಸ್ಕ್ರೀನ್ ಅಥವಾ ಟಿಮಕ್ಸ್ ಬಳಸುವವರು ಅವುಗಳ ಹೊರಗೊಮ್ಮೆ, ಒಳಗೊಮ್ಮೆ ಈ ಪರೀಕ್ಷೆ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹಳೆಯ ಸಂಕೇತಗಳ ಇಕ್ಕಟ್ಟನ್ನು ಬಿಡಿಸುವ ಪ್ರಯತ್ನಗಳೂ ನಡೆದಿವೆ. ಕಿಟ್ಟಿ ಎಂಬ ಟರ್ಮಿನಲ್ ರೂಪಿಸಿದ ಕೀಲಿಮಣೆ ನಿಯಮಾವಳಿಯು ಕಂಟ್ರೋಲ್-ಐ ಮತ್ತು ಟ್ಯಾಬ್, ಶಿಫ್ಟ್ ಇರುವುದು ಮತ್ತು ಇಲ್ಲದಿರುವುದು ಎಂಬ ಭೇದಗಳನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಇತರ ಹಲವು ಟರ್ಮಿನಲ್‌ಗಳೂ ಎಡಿಟರ್‌ಗಳೂ ಇದನ್ನು ಅಳವಡಿಸಿಕೊಂಡಿವೆ. ಟರ್ಮಿನಲ್ ಮತ್ತು ಎಡಿಟರ್ ಎರಡೂ ಇದನ್ನು ಅರಿತಿದ್ದರೆ ಮಾತ್ರ ಫಲ ದೊರೆಯುತ್ತದೆ. ದೂರದ ಹಳೆಯ ಸರ್ವರ್‌ಗಳ ಮುಂದೆ ಹಳೆಯ ತಿಳಿವಳಿಕೆಯೇ ಗತಿ.

ಆದ್ದರಿಂದ ಟರ್ಮಿನಲ್ ಬಳಸುವ ಪ್ರತಿಯೊಬ್ಬರೂ ಮೂರು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕು. ಪರದೆ ನಿಂತರೆ ಕಂಟ್ರೋಲ್-ಕ್ಯು. ಎಡಿಟರ್ ಮಾಯವಾದರೆ ಎಫ್, ಜಿ. ಆಲ್ಟ್ ನಡೆಯದಿದ್ದರೆ ಎಸ್ಕೇಪ್ ಒತ್ತಿ ಬಿಟ್ಟು ಅಕ್ಷರ. ಇವು ಮೂರೂ ಫಲಿಸದೆ ಹೋದಾಗ ಮಾತ್ರ ಕಿಟಕಿ ಮುಚ್ಚುವ ಯೋಚನೆ ಮಾಡಬೇಕು. ಮುಚ್ಚಿದ ಮೇಲೂ ಹೊಸದಾಗಿ ಬರೆಯಲು ತೊಡಗುವ ಮುನ್ನ ರಕ್ಷಣಾಪ್ರತಿ ಇದೆಯೇ ಎಂದು ನೋಡಬೇಕು.